ಬೋರಮಾಳ ಮತ್ತು ಪುತಳಿ ಸರ

ಮಲೆಯಾಳಿ ಸ್ತ್ರೀಯರ ಕಾಸುಮಾಲೆಯನ್ನು ಚಿತ್ರಗಳಲ್ಲಿ ಕಂಡ ಶ್ರೋತೃಗಳು ಅದರ ದಾಯಾದಿಯನ್ನು ಹುಲಸೂರ, ಬಸವಕಲ್ಯಾಣ, ಹುಮನಾಬಾದಗಳ ಸೀಮೆಯಲ್ಲಿಯೇ ಗುರುತಿಸಬಹುದು. ಇದು ಪುತಳಿ ಸರ. ವೆನಿಸ್ಸಿನ ವರ್ತಕರೊಡನೆ ಬಂದ ಬಂಗಾರದ ನಾಣ್ಯಗಳ ಮೇಲೆ ಮನುಷ್ಯಾಕೃತಿಗಳಿದ್ದವು. ನಮ್ಮವರ ಕಣ್ಣಿಗೆ ಅವು ಪುತ್ಥಳಿಗಳಾಗಿ ಕಂಡವು. ನಾಣ್ಯ ಬರುವುದು ನಿಂತ ಮೇಲೂ ಅಕ್ಕಸಾಲಿಗರು ಅದೇ ಮಾದರಿಯ ಬಿಲ್ಲೆಗಳನ್ನು ಅಚ್ಚೊತ್ತಿದರು.

ಬೋರಮಾಳದ ಕಥೆ ಬೇರೆ. ಬೋರೆಹಣ್ಣಿನಂಥ ಮಣಿಗಳ ಸರವಾದ್ದರಿಂದ ಈ ಹೆಸರು. ಮರಾಠಿಯೂ ಕನ್ನಡವೂ ಒಂದೇ ಬಾವಿಯ ನೀರು ಕುಡಿಯುವ ಈ ಗಡಿಯಲ್ಲಿ ಹೆಸರು ಯಾರದೆಂಬ ವಾದ ವ್ಯರ್ಥ. ಮಣಿ ಒಳಗೆ ಟೊಳ್ಳು. ತೆಳು ತಗಡಿನ ಎರಡು ಬಟ್ಟಲುಗಳನ್ನು ಬೆಸೆದು, ನೆಗ್ಗದಿರಲೆಂದು ಅರಗು ತುಂಬುತ್ತಾರೆ. ಸ್ವಲ್ಪ ಬಂಗಾರದಲ್ಲಿ ಕೊರಳು ತುಂಬುವ ಜಾಣತನವಿದು. ಆದರೆ ಅಡವಿಡುವಾಗ ತಕ್ಕಡಿಗೆ ಅರಗೂ ಬಂಗಾರವೂ ಒಂದೇ. ಆದ್ದರಿಂದ ಮಾಡಿಸುವಾಗಲೇ, ಅರಗು ತುಂಬುವ ಮುಂಚಿನ ತೂಕವನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳುವುದು ಮೇಲು. ಬೆಂಕಿಯ ಬಳಿ ಇಟ್ಟರೆ ಅರಗು ಮೆತ್ತಗಾಗುವುದೆಂಬುದೂ ನೆನಪಿರಲಿ.

ಲಿಂಗವಂತರ ಮನೆಗಳ ಬೆಳ್ಳಿಯ ಕರಡಿಗೆಯನ್ನು ಈ ಸಾಲಿಗೆ ಸೇರಿಸಲಾರೆ. ಅದು ಇಷ್ಟಲಿಂಗದ ಮನೆ, ಗಂಡಸರೂ ಧರಿಸುವಂಥದು.

1963ರಲ್ಲಿ ಹೊಸ ಒಡವೆ 14 ಕ್ಯಾರಟ್ಟನ್ನು ಮೀರಬಾರದೆಂಬ ನಿಯಮ ಬಂದಾಗ ಅನೇಕ ಅಕ್ಕಸಾಲಿಗರ ಕುಲುಮೆ ಆರಿತು. ಸುವರ್ಣ ನಿಯಂತ್ರಣದ ಕಾನೂನು ರದ್ದಾದದ್ದು 1990ರಲ್ಲಿ. ಆ ಕಾಲದಲ್ಲಿ ಹಳೆಯ ಸರಗಳಿಗೆ ಬೆಲೆ ಏರಿದ್ದು ಸಹಜವೇ.

ತಾಯಿ ಮಗಳಿಗಿತ್ತ ಬೋರಮಾಳ ಯಾರದು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನಲ್ಲಿ ಸ್ತ್ರೀಧನದ ಹೆಸರೂ ಉಂಟು: ಅದು ಆಕೆಯ ಪೂರ್ಣ ಸ್ವತ್ತು.