ಸಂದರ್ಶನದ ಕೋಣೆಗೆ ಹೋಗುವ ಮುನ್ನ

ಪದವಿ ಮುಗಿಸಿದ ತರುಣ ತರುಣಿಯರಿಗೆ ಬರವಣಿಗೆಯ ಪರೀಕ್ಷೆ ಹೊಸದಲ್ಲ. ಹದಿನೈದು ವರ್ಷಗಳಿಂದ ಅವರು ಮಾಡುತ್ತ ಬಂದಿರುವುದು ಅದನ್ನೇ. ಆದರೆ ಅಪರಿಚಿತರಾದ ನಾಲ್ಕೈದು ಮಂದಿ ಹಿರಿಯರ ಎದುರು ಕುಳಿತು, ತಮ್ಮನ್ನು ಕುರಿತು ತಾವೇ ಅರ್ಧ ಗಂಟೆ ಮಾತನಾಡಬೇಕಾದ ಪ್ರಸಂಗ ಬಹುಪಾಲು ಜನರಿಗೆ ಇದೇ ಮೊದಲು. ಮನೆಯಲ್ಲಿ ದೊಡ್ಡವರ ಮುಂದೆ ಹೆಚ್ಚು ಮಾತಾಡಬಾರದೆಂದು ಕಲಿಸಿರುತ್ತೇವೆ. ಮಾತು ಬೇಕಾದ ದಿನ ಅದು ಗಂಟಲಲ್ಲಿ ನಿಂತುಬಿಡುತ್ತದೆ.

ಸಂದರ್ಶನ ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅಲ್ಲಿ ಮುಖ್ಯ ಪರೀಕ್ಷೆಯ ಬರವಣಿಗೆಗೆ 1750 ಅಂಕ, ಸಂದರ್ಶನಕ್ಕೆ 275. ಆಯೋಗ ಇದನ್ನು ವ್ಯಕ್ತಿತ್ವ ಪರೀಕ್ಷೆಯೆಂದು ಕರೆಯುತ್ತದೆ. ಇದು ಪಾಟೀಸವಾಲಲ್ಲ, ಸಹಜವಾದ, ಆದರೂ ಒಂದು ಗುರಿಯುಳ್ಳ ಸಂಭಾಷಣೆ ಎಂದು ಅದರ ನಿಯಮಗಳೇ ಹೇಳುತ್ತವೆ. ಲಿಖಿತ ಪರೀಕ್ಷೆಯಲ್ಲಿ ಅಳೆದಾಗಿರುವ ವಿಷಯಜ್ಞಾನವನ್ನು ಮತ್ತೆ ಅಳೆಯುವುದು ಅದರ ಉದ್ದೇಶವಲ್ಲ. ಮನಸ್ಸಿನ ಚುರುಕು, ತರ್ಕಬದ್ಧವಾದ ನಿರೂಪಣೆ, ತೀರ್ಮಾನದ ಸಮತೋಲ, ಆಸಕ್ತಿಗಳ ಆಳ, ಪ್ರಾಮಾಣಿಕತೆ ಇವು ಅಲ್ಲಿ ನೋಡುವ ಗುಣಗಳು. ಇಷ್ಟಾದರೂ ನಮ್ಮ ಅಭ್ಯರ್ಥಿಗಳು ಹಿಂದಿನ ರಾತ್ರಿ ರಾಜಧಾನಿಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತ ಕೂಡುವುದು ತಪ್ಪಿಲ್ಲ.

ಓದಬೇಕಾದ ಮುಖ್ಯ ಪಠ್ಯ ತಾವೇ ತುಂಬಿ ಕಳಿಸಿದ ಅರ್ಜಿ. ಊರು, ತಂದೆತಾಯಿಯರ ಉದ್ಯೋಗ, ಓದಿದ ವಿಷಯ, ಹವ್ಯಾಸ ಎಲ್ಲವೂ ಅದರಲ್ಲಿವೆ. ಪ್ರಶ್ನೆಗಳು ಹುಟ್ಟುವುದು ಬಹುಮಟ್ಟಿಗೆ ಅಲ್ಲಿಂದಲೇ. ಇಳಕಲ್ಲಿನ ನೇಕಾರರ ಮನೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅರ್ಥಶಾಸ್ತ್ರದ ಪದವೀಧರೆ. ತಂದೆಯ ಉದ್ಯೋಗ ಎಂಬಲ್ಲಿ ಆಕೆ ಸಂಕೋಚದಿಂದ ನೇಯ್ಗೆ ಎಂದು ಬರೆದು, ಅದನ್ನು ಯಾರೂ ಕೇಳದಿದ್ದರೆ ಸಾಕೆಂದು ಹಾರೈಸುತ್ತಾಳೆ. ಅನುಭವವುಳ್ಳ ಸಂದರ್ಶಕ ಕೇಳುವುದು ಅದನ್ನೇ. ಇಳಕಲ್ ಸೀರೆಗೆ ಆ ಹೆಸರೇಕೆ ಉಳಿದಿದೆ? ವಿದ್ಯುತ್ ಮಗ್ಗದ ಮುಂದೆ ಕೈಮಗ್ಗ ಏಕೆ ಸೋಲುತ್ತದೆ? ಸೀರೆಯ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುವ ಕ್ರಮವನ್ನು ಆಕೆ ಎಳೆತನದಿಂದ ಕಂಡಿದ್ದಾಳೆ. ಅದಕ್ಕೆ ಹಿಡಿಯುವ ಹೊತ್ತು, ನೂಲಿನ ಬೆಲೆ, ಸಾಹುಕಾರನಿಂದ ಬರುವ ಕೂಲಿ ಎಲ್ಲವನ್ನೂ ಬಲ್ಲಳು. ತಾನು ಓದಿದ ಅರ್ಥಶಾಸ್ತ್ರ ತನ್ನ ಮನೆಯ ಪಡಸಾಲೆಯಲ್ಲಿಯೇ ನಡೆಯುತ್ತಿತ್ತು ಎಂಬುದನ್ನು ಆಕೆ ಒಮ್ಮೆ ಕಂಡುಕೊಂಡರೆ ಅರ್ಧ ಸಿದ್ಧತೆ ಮುಗಿದಂತೆ. ಇದಕ್ಕೆ ತರಬೇತಿ ಕೇಂದ್ರದ ಶುಲ್ಕ ಬೇಕಿಲ್ಲ. ಅರ್ಜಿಯ ಒಂದೊಂದು ಸಾಲಿನ ಕೆಳಗೂ ಏಕೆ, ಹೇಗೆ, ಎಷ್ಟು ಎಂದು ಬರೆದುಕೊಂಡು ಉತ್ತರ ಹುಡುಕಿದರಾಯಿತು. ತಂದೆಯನ್ನು ಕೇಳಿದರೂ ಆಗುತ್ತದೆ.

ಹವ್ಯಾಸದ ವಿಷಯ ಮಾತ್ರ ಅಪಾಯದ್ದು. ‘ಓದುವುದು’ ಎಂದು ಬರೆದವರನ್ನು ಇತ್ತೀಚೆಗೆ ಓದಿದ ಪುಸ್ತಕ ಯಾವುದೆಂದು ಕೇಳಿದಾಗ ಆಗುವ ಪೇಚಾಟ ಹೇಳತೀರದು. ಇಲ್ಲದ ಹವ್ಯಾಸವನ್ನು ಬರೆಯುವುದಕ್ಕಿಂತ ಆ ಜಾಗವನ್ನು ಖಾಲಿ ಬಿಡುವುದು ಲೇಸು.

ಇನ್ನೊಂದು ಅಳುಕು ಇದಕ್ಕಿಂತ ಆಳವಾದದ್ದು. ಸಂದರ್ಶನವೆಂದರೆ ವಶೀಲಿಯುಳ್ಳವರ ಸೊತ್ತು ಎಂಬ ಭಾವನೆ. ಇದನ್ನು ಬರಿಯ ಭ್ರಮೆ ಎನ್ನಲಾರೆ. ನಮ್ಮ ಮೈಸೂರು ರಾಜ್ಯದಲ್ಲಿಯೇ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ಇಟ್ಟಾಗ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯ ಆ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ 1980ರಲ್ಲಿ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಮೌಖಿಕ ಪರೀಕ್ಷೆಗೆ ಮೀಸಲಿಟ್ಟದ್ದು ಸ್ವೇಚ್ಛೆಯ ನಡೆ ಎಂದಿತು. ಅಭ್ಯರ್ಥಿಗಳನ್ನು ಎರಡು ಮೂರು ನಿಮಿಷ ಮಾತ್ರ ಕೂಡಿಸಿಕೊಂಡು ಮನೆತನ, ವಾಸಸ್ಥಳ ಕೇಳಿ ಕಳಿಸಿದರೆಂಬುದು ಅಲ್ಲಿನ ದೂರುಗಳಲ್ಲೊಂದು. ಇಂಥ ಪ್ರವೇಶಗಳಲ್ಲಿ ಮೌಖಿಕಕ್ಕೆ ಶೇಕಡ 15 ಮೀರಬಾರದು, ಸಂದರ್ಶನವನ್ನು ಧ್ವನಿಮುದ್ರಣ ಮಾಡಿಕೊಂಡರೆ ಒಳ್ಳೆಯದು ಎಂದೂ ಸೂಚಿಸಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಉಳಿದಿರುವ ಕಡೆ, ಅಂಕಗಳ ಪಾಲು ಎಷ್ಟೆಂದು ಮೊದಲೇ ತಿಳಿದುಕೊಂಡವರಿಗೆ ಭಯ ತನ್ನ ನಿಜವಾದ ಗಾತ್ರಕ್ಕೆ ಇಳಿಯುತ್ತದೆ.

ಭಾಷೆಯ ಮಾತು ಬಂತು. ನಾಗರಿಕ ಸೇವಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿಯೇ ಕೊಡಬಹುದು. ಆಗ ಕನ್ನಡ ಅರಿಯದ ಸದಸ್ಯರಿಗೆ ಮಾತು ತಲುಪುವುದು ಭಾಷಾಂತರದ ಮೂಲಕ. ವಾಕ್ಯಗಳು ಗಿಡ್ಡವಾಗಿದ್ದಷ್ಟೂ, ಗಾದೆಗಳು ಕಡಿಮೆಯಿದ್ದಷ್ಟೂ ಅರ್ಥ ಸೋರುವುದಿಲ್ಲ. ಖಾಸಗಿ ಕಂಪನಿಗಳಲ್ಲಿ ಈ ಅವಕಾಶ ಸಾಮಾನ್ಯವಾಗಿ ದೊರೆಯದು. ಅಲ್ಲಿ ತಪ್ಪಿಲ್ಲದ ಸರಳ ಇಂಗ್ಲಿಷು ಸಾಕು; ಅದಕ್ಕಾಗಿ ಗೆಳೆಯರಿಬ್ಬರನ್ನು ಎದುರು ಕೂಡಿಸಿಕೊಂಡು, ಗಟ್ಟಿಯಾಗಿ, ಹತ್ತು ದಿನ ಮಾತನಾಡಿ ನೋಡಬೇಕು. ಕನ್ನಡಿಯ ಮುಂದಿನ ಅಭ್ಯಾಸದಲ್ಲಿ ನನಗೆ ನಂಬಿಕೆಯಿಲ್ಲ. ಕನ್ನಡಿ ಮರುಪ್ರಶ್ನೆ ಹಾಕುವುದಿಲ್ಲ.

ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ ಸರ್’ ಎಂದುಬಿಡುವುದು ಕಷ್ಟವಾದರೂ ರೂಢಿಸಿಕೊಳ್ಳಬೇಕು. ಊಹಿಸಿ ಹೇಳುವುದಾದರೆ ಊಹೆಯೆಂದು ಮೊದಲೇ ತಿಳಿಸಬೇಕು. ಕೊನೆಯಲ್ಲಿ, ‘ನೀವೇನಾದರೂ ಕೇಳುವುದುಂಟೆ?’ ಎನ್ನುವ ಸಂದರ್ಶಕರು ಕಂಪನಿಗಳಲ್ಲಿ ಅನೇಕರಿದ್ದಾರೆ. ಮೊದಲ ಆರು ತಿಂಗಳು ತನಗೆ ಯಾವ ಕೆಲಸ, ಅದನ್ನು ಕಲಿಸಿಕೊಡುವವರು ಯಾರು ಎಂಬೆರಡನ್ನು ಆಗ ಧಾರಾಳವಾಗಿ ಕೇಳಬಹುದು.