ಸೈಕಲ್ಲಿನ ಮೇಲೆ ದೇಶಸಂಚಾರ: ಯೋಜನೆಯ ಕ್ರಮ

"ದೇಶ ಸುತ್ತು, ಕೋಶ ಓದು" ಎಂಬುದು ಕನ್ನಡ ನಾಡಿನ ಹಳೆಯ ನಾಣ್ಣುಡಿ. ಇವೆರಡರಲ್ಲಿ ಕೋಶವನ್ನು ಓದುವುದಕ್ಕೆ ಶಾಲೆಯುಂಟು, ಗುರುವುಂಟು, ಪಾಠಕ್ರಮವುಂಟು. ದೇಶವನ್ನು ಸುತ್ತುವುದಕ್ಕೆ ಮಾತ್ರ ಕ್ರಮವಾದ ಶಿಕ್ಷಣವನ್ನು ಯಾರೂ ಕೊಡುವುದಿಲ್ಲ. ಉತ್ಸಾಹವೊಂದೇ ಬಂಡವಾಳವೆಂದು ನಂಬಿ ಹೊರಟವರು ಅರ್ಧದಾರಿಯಲ್ಲಿ ಬಳಲಿ ಬೀಳುವುದು, ಇಲ್ಲವೆ ಹೆದ್ದಾರಿಯಲ್ಲಿ ಅಪಾಯಕ್ಕೀಡಾಗುವುದು ಈ ಕೊರತೆಯಿಂದಲೇ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ನಡುವಣ ಬಿಳಿಗೆರೆಯಂತಹ ಊರಿನ ತರುಣನೊಬ್ಬನು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸೈಕಲ್ಲಿನಲ್ಲಿ ಸಂಚರಿಸಬೇಕೆಂದು ಬಯಸಿದರೆ, ಅನುಮತಿ ನೀಡಬೇಕಾದ ಉಪಾಧ್ಯಾಯರು, ಜೊತೆಗೂಡಬಯಸುವ ಹಳೆಯ ವಿದ್ಯಾರ್ಥಿಗಳು, ಧನಸಹಾಯ ಮಾಡುವ ದಾನಿಗಳು ಈ ಮೂವರೂ ಯಾತ್ರೆಯ ಯೋಜನೆ ಎಂದರೇನೆಂಬುದನ್ನು ಅರಿತಿರುವುದು ಅವಶ್ಯಕ.

ಹಿಂದಿನವರ ಮೇಲ್ಪಂಕ್ತಿ

ಸಂಚಾರವು ನಮ್ಮ ನಾಡಿಗೆ ಹೊಸದಲ್ಲ. ಜಂಗಮ ಶಬ್ದಕ್ಕೆ ಚಲಿಸುವುದೆಂದೇ ಅರ್ಥ. ಊರಿಂದೂರಿಗೆ ನಡೆದು ಜನರನ್ನು ಕಾಣುವುದನ್ನು ಈ ಪರಂಪರೆಯು ಒಂದು ಶಿಸ್ತೆಂದು ಎಣಿಸಿತು. ಸೈಕಲ್ಲಿನ ಮೇಲೆ ದೂರಯಾತ್ರೆ ಮಾಡಿದ ಭಾರತೀಯರ ಇತಿಹಾಸವೂ ನೂರು ವರ್ಷಗಳನ್ನು ದಾಟಿದೆ. 1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಮಂದಿ ಪಾರಸಿ ತರುಣರು ಸೈಕಲ್ಲುಗಳನ್ನೇರಿ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲ ಮತ್ತು ರುಸ್ತುಮ್ ಭುಮ್‌ಗರ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಸಂಚರಿಸಿ 1928ರ ಮಾರ್ಚ್ 18ರಂದು ಮರಳಿ ಬಂದರು. ಉಳಿದ ಮೂವರಲ್ಲಿ ಇಬ್ಬರು ಮಾರ್ಗಮಧ್ಯದಿಂದಲೇ ಊರಿಗೆ ಹಿಂದಿರುಗಿದರು; ಒಬ್ಬರು ಅಮೆರಿಕೆಯಲ್ಲಿ ಉಳಿದರು. 1926ರಲ್ಲಿ ಕಲ್ಕತ್ತೆಯಿಂದ ಹೊರಟ ಬಿಮಲ್ ಮುಖರ್ಜಿಯವರು ದಾರಿವೆಚ್ಚಕ್ಕೆಂದು ಅಲ್ಲಲ್ಲಿ ದುಡಿಯುತ್ತ ಲೋಕಸಂಚಾರ ಮಾಡಿ 1937ರಲ್ಲಿ ಮರಳಿದರು.

ಈ ವೃತ್ತಾಂತಗಳಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಆರು ಮಂದಿ ಹೊರಟಲ್ಲಿ ಗುರಿ ಮುಟ್ಟಿದವರು ಮೂವರು ಮಾತ್ರ. ಹಿಂದಿರುಗುವುದಕ್ಕೂ ಎಡೆಯಿದ್ದ ಯಾತ್ರೆಯದು. ಯೋಜನೆಯೆಂದರೆ ಮುಂದೆ ಸಾಗುವ ಲೆಕ್ಕವಷ್ಟೇ ಅಲ್ಲ. ನಿಲ್ಲುವ ಮತ್ತು ಹಿಂದಿರುಗುವ ಲೆಕ್ಕವೂ ಹೌದು. ಈ ಎರಡನೆಯ ಲೆಕ್ಕವನ್ನು ಬಿಟ್ಟವನ ಯೋಜನೆ ಎಷ್ಟೇ ವಿಸ್ತಾರವಾಗಿದ್ದರೂ ಅಪೂರ್ಣವೇ.

ದಿನಗಳ ಗಣನೆ

ಶ್ರೀನಗರದಿಂದ ಕನ್ಯಾಕುಮಾರಿಗೆ ಬರುವ 44ನೆಯ ರಾಷ್ಟ್ರೀಯ ಹೆದ್ದಾರಿಯ ಉದ್ದ 3,700 ಕಿಲೋಮೀಟರಿಗೂ ಮಿಗಿಲು. ಊರೊಳಗಿನ ಓಡಾಟ, ವಸತಿಗಾಗಿ ಬಳಸು ದಾರಿ, ದಾರಿತಪ್ಪು ಇವನ್ನೆಲ್ಲ ಸೇರಿಸಿ 4,000 ಎಂದು ಹಿಡಿಯುವುದು ಕ್ಷೇಮ. ಅಭ್ಯಾಸವುಳ್ಳ ಆರೋಗ್ಯವಂತ ತರುಣನು ಹೊರೆಸಹಿತನಾಗಿ ದಿನಕ್ಕೆ 80 ಕಿಲೋಮೀಟರ್ ಸಾಗಬಲ್ಲನೆಂದು ಇಟ್ಟುಕೊಂಡರೆ 50 ದಿನಗಳಾದುವು. ಹೆಚ್ಚಿನವರ ಗಣನೆ ಇಲ್ಲಿಗೇ ಮುಗಿಯುತ್ತದೆ. ತೊಂದರೆಯ ಮೂಲವೂ ಇಲ್ಲಿಯೇ ಇದೆ. ಆರು ದಿನ ತುಳಿದ ಮೇಲೆ ಒಂದು ದಿನ ವಿಶ್ರಾಂತಿ ಬೇಕು. ಅದಕ್ಕೆ 8 ದಿನ. ಮಳೆ, ಜ್ವರ, ವಾಹನದ ದುರಸ್ತಿ, ರಸ್ತೆತಡೆ ಮೊದಲಾದ ಅನಿರೀಕ್ಷಿತಗಳಿಗೆ 7 ದಿನ. ಒಟ್ಟು 65 ದಿನಗಳು. ಈ ಕೊನೆಯ 7 ದಿನಗಳು ಯಾವ ಊರಿಗೂ ಸೇರಿದವಲ್ಲ. ಇಡೀ ಯಾತ್ರೆಯ ಮೀಸಲು ನಿಧಿಯವು. ಇವನ್ನು ಇಡದವನು ಒಂದು ದಿನ ತಡವಾದೊಡನೆ ಮರುದಿನ 80ಕ್ಕೆ ಬದಲಾಗಿ 140 ತುಳಿಯಲು ಹೊರಡುತ್ತಾನೆ. ಕತ್ತಲಾದರೂ ರಸ್ತೆಯನ್ನು ಬಿಡನು. ಹೆದ್ದಾರಿಯಲ್ಲಿ ಸೈಕಲ್ ಸವಾರನಿಗೆ ಕತ್ತಲಿನಷ್ಟು ದೊಡ್ಡ ಶತ್ರು ಮತ್ತೊಂದಿಲ್ಲ.

ಮೈಸೂರು, ಉದಕಮಂಡಲಗಳ ಕಡೆಗೆ ಪ್ರತಿವರ್ಷ ಡಿಸೆಂಬರಿನಲ್ಲಿ ನಡೆಯುವ, 2008ರಲ್ಲಿ ಆರಂಭವಾದ "ಟೂರ್ ಆಫ್ ನೀಲಗಿರೀಸ್" ಎಂಬ ಸಾಮೂಹಿಕ ಯಾತ್ರೆಯನ್ನು ಕಂಡವರು, ಅಲ್ಲಿನ ಸವಾರರು ಘಟ್ಟಗಳಲ್ಲಿಯೂ ಬಹುದೂರ ಸಾಗುವುದನ್ನು ನೋಡಿ ಅದನ್ನೇ ಪ್ರಮಾಣವೆಂದು ಭಾವಿಸಬಹುದು. ಅಲ್ಲಿ ಸವಾರರ ಸಾಮಾನನ್ನು ವಾಹನಗಳು ಹೊರುತ್ತವೆ. ಊಟ, ವಸತಿ, ಚಿಕಿತ್ಸೆಗಳ ಏರ್ಪಾಡು ಮೊದಲೇ ಆಗಿರುತ್ತದೆ. ಒಂಟಿಯಾಗಿ ಹೊರೆಹೊತ್ತು ಹೋಗುವವನಿಗೆ ಆ ಅಳತೆ ಅನ್ವಯಿಸದು.

ಕಾಲ

ಬಿಳಿಗೆರೆಯವನು ಬಿಳಿಗೆರೆಯಿಂದಲೇ ಹೊರಡಬೇಕೆಂದು ಬಯಸುವುದು ಸಹಜ. ಆದರೆ ಋತುಮಾನವು ಇದಕ್ಕೆ ಒಪ್ಪುವುದಿಲ್ಲ. ಅಕ್ಟೋಬರಿನಲ್ಲಿ ಇಲ್ಲಿಂದ ಉತ್ತರಕ್ಕೆ ಹೊರಟರೆ ಪೀರ್ ಪಂಜಾಲ್ ಶ್ರೇಣಿಯನ್ನು ಮುಟ್ಟುವ ವೇಳೆಗೆ ಹಿಮ ಬೀಳತೊಡಗಿರುತ್ತದೆ. ಉತ್ತರದ ಬಯಲಿನಲ್ಲಿ ಡಿಸೆಂಬರ್ ಕೊನೆಯಿಂದ ದಟ್ಟವಾದ ಮಂಜು ಕವಿದು ರಸ್ತೆಯೇ ಕಾಣದಂತಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಾಗಪುರದ ಸುತ್ತಣ ಬಿಸಿಲು ಅಸಹ್ಯವಾದುದು. ಜೂನ್ ಮೊದಲಲ್ಲಿ ಕೇರಳವನ್ನು ಮುಟ್ಟುವ ಮುಂಗಾರು ಜುಲೈ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿ, ಸೆಪ್ಟೆಂಬರ್ ನಡುವಿನಿಂದ ವಾಯವ್ಯದಲ್ಲಿ ಹಿಂದೆಗೆಯತೊಡಗುತ್ತದೆ.

ಆದುದರಿಂದ ಸೈಕಲ್ಲನ್ನು ರೈಲ್ವೆ ಪಾರ್ಸಲ್ ಕಚೇರಿಯಲ್ಲಿ ಕಟ್ಟಿಸಿ ಕಳುಹಿಸಿ, ತಾನೂ ರೈಲಿನಲ್ಲಿ ಉತ್ತರಕ್ಕೆ ಹೋಗಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಶ್ರೀನಗರದಿಂದ ದಕ್ಷಿಣಕ್ಕೆ ಹೊರಡುವುದು ಉಚಿತ. ಆಗ ಮಳೆ ಹಿಂದೆಗೆದ ದಾರಿಯನ್ನೇ ಸವಾರನು ಅನುಸರಿಸಿದಂತಾಗುತ್ತದೆ. ನವೆಂಬರ್ ಕೊನೆಯ ವಾರದ ವೇಳೆಗೆ ಕರ್ನಾಟಕ, ಡಿಸೆಂಬರ್ ಮೊದಲ ವಾರಕ್ಕೆ ಕನ್ಯಾಕುಮಾರಿ. ತಮಿಳುನಾಡಿನಲ್ಲಿ ಆಗ ಹಿಂಗಾರು ಇನ್ನೂ ಮುಗಿದಿರುವುದಿಲ್ಲ. ಮೀಸಲು ದಿನಗಳಲ್ಲಿ ಎರಡು ಮೂರನ್ನಾದರೂ ಅಲ್ಲಿಯವರೆಗೆ ಉಳಿಸಿಕೊಂಡಿರಬೇಕು. ಈ ಕ್ರಮದಲ್ಲಿ ಮತ್ತೊಂದು ಅನುಕೂಲವಿದೆ: ದಿನದಿನಕ್ಕೂ ಪ್ರಯಾಣಿಕನು ತನ್ನ ಊರಿಗೆ ಹತ್ತಿರವಾಗುತ್ತಾನೆ. ದೇಹ ದಣಿದಂತೆಲ್ಲ ಭಾಷೆ, ಅನ್ನ, ಹವೆ ಪರಿಚಿತವಾಗುತ್ತ ಬರುತ್ತವೆ.

ಮಾರ್ಗ

ಜಮ್ಮು, ಪಠಾಣಕೋಟೆ, ಜಲಂಧರ, ಅಂಬಾಲ, ದೆಹಲಿ, ಆಗ್ರಾ, ಗ್ವಾಲಿಯರ್, ಝಾನ್ಸಿ, ಸಾಗರ, ನಾಗಪುರ, ಆದಿಲಾಬಾದ್, ಹೈದರಾಬಾದ್, ಕರ್ನೂಲು, ಅನಂತಪುರ, ಬೆಂಗಳೂರು ಎಂಬುದು ಹೆದ್ದಾರಿಯ ಸ್ಥೂಲರೂಪ. ಹೆದ್ದಾರಿಯೆಂದ ಮಾತ್ರಕ್ಕೆ ಅದೆಲ್ಲವೂ ಸೈಕಲ್ಲಿಗೆ ತೆರೆದಿದೆಯೆಂದು ತಿಳಿಯಬಾರದು. ಕಾಶ್ಮೀರದ ಉದ್ದನೆಯ ಸುರಂಗಗಳಲ್ಲಿ ಸೈಕಲ್ಲಿಗೆ ಪ್ರವೇಶವುಂಟೇ ಎಂಬುದನ್ನು ಮೊದಲೇ ವಿಚಾರಿಸಿ, ಇಲ್ಲವಾದರೆ ಅಷ್ಟು ದೂರಕ್ಕೆ ಬೇರೆ ವಾಹನವನ್ನು ಗೊತ್ತುಪಡಿಸಿಕೊಳ್ಳಬೇಕು. ದೂರವೇಕೆ, ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿಯೇ 2023ರ ಆಗಸ್ಟ್ 1ರಿಂದ ಮೋಟಾರು ಸೈಕಲ್ಲು, ಆಟೋರಿಕ್ಷಾ, ಟ್ರ್ಯಾಕ್ಟರುಗಳೊಡನೆ ಯಂತ್ರರಹಿತ ವಾಹನಗಳಿಗೂ ನಿಷೇಧವಿದೆ. ಸೈಕಲ್ ಸವಾರನು ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಇಲ್ಲವೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗಿನಿಂದ ಹಾಯುವ ಹಳೆಯ ದಾರಿಯಲ್ಲಿ ಸಾಗಬೇಕು. ಹಳೆಯ ದಾರಿಯಿಂದ ನಷ್ಟವೇನೂ ಇಲ್ಲ. ನೀರು, ನೆರಳು, ಸೈಕಲ್ ಶಾಪುಗಳು ಇರುವುದು ಅಲ್ಲಿಯೇ.

ಬೆಂಗಳೂರಿನಿಂದ ಹೆದ್ದಾರಿಯು ಹೊಸೂರು, ಸೇಲಂ, ದಿಂಡಿಗಲ್, ಮಧುರೆ, ತಿರುನೆಲ್ವೇಲಿಗಳ ಮೂಲಕ ಕನ್ಯಾಕುಮಾರಿಗೆ ಹೋಗುತ್ತದೆ. ಬಿಳಿಗೆರೆಯ ಸವಾರನಾದರೋ ಬೆಂಗಳೂರಿನಿಂದ ಮೈಸೂರು, ನಂಜನಗೂಡುಗಳ ಮೂಲಕ ತನ್ನ ಊರಿಗೆ ಬಂದು ಎರಡು ದಿನ ತಂಗಿ, ಚಾಮರಾಜನಗರ, ಸತ್ಯಮಂಗಲಗಳ ಮೂಲಕ ದಿಂಡಿಗಲ್ಲಿನಲ್ಲಿ ಹೆದ್ದಾರಿಯನ್ನು ಸೇರಬಹುದು. ತಾಯಿತಂದೆಯರು ಅವನನ್ನು ಕಣ್ಣಾರೆ ಕಂಡು, ವೈದ್ಯರು ಪರೀಕ್ಷಿಸಿ, ಮುಂದುವರಿಯಬಹುದೇ ಎಂಬುದನ್ನು ನಿರ್ಣಯಿಸಲು ಇದಕ್ಕಿಂತ ಒಳ್ಳೆಯ ಠಾವಿಲ್ಲ. ಮುಂದುವರಿಯಲಾರದಾದರೆ ಯಾತ್ರೆಯು ಅಲ್ಲಿಗೇ ಗೌರವದಿಂದ ಮುಗಿಯಿತು. ಆದರೆ ಈ ದಾರಿಯಲ್ಲಿ ಕಾಡುಂಟು, ದಿಂಬಂ ಘಾಟಿಯ 27 ಕಡಿದಾದ ತಿರುವುಗಳುಂಟು. ಆನೆಗಳಿರುವ ಕಾಡಿನಲ್ಲಿ ಸೈಕಲ್ ಸವಾರಿ ಸಾಹಸವಲ್ಲ, ಅವಿವೇಕ. ಅಷ್ಟು ದೂರವನ್ನು ಹಗಲಿನಲ್ಲಿ ಬಸ್ಸು ಅಥವಾ ವ್ಯಾನಿನಲ್ಲಿ ದಾಟುವುದರಿಂದ ಯಾತ್ರೆಯ ಕೀರ್ತಿಗೆ ಕುಂದಿಲ್ಲ. ಗುಂಡ್ಲುಪೇಟೆಯಾಚೆ ಬಂಡೀಪುರದ ದಾರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರವನ್ನೇ ನಿರ್ಬಂಧಿಸಲಾಗಿದೆ.

ವಾಹನ ಮತ್ತು ಹೊರೆ

ಬೆಲೆಬಾಳುವ ಸೈಕಲ್ಲೇ ಉತ್ತಮವೆಂಬ ನಿಯಮವಿಲ್ಲ. ದಾರಿಯ ಸಣ್ಣ ಊರಿನ ಸೈಕಲ್ ಶಾಪಿನವನು ದುರಸ್ತಿ ಮಾಡಬಲ್ಲದ್ದೇ ಯಾತ್ರೆಗೆ ಯೋಗ್ಯವಾದುದು. ಗೇರಿರುವ ಸೈಕಲ್ಲು ಏರಿನಲ್ಲಿ ಮೊಳಕಾಲುಗಳನ್ನು ಕಾಪಾಡುತ್ತದೆ. ಆದರೆ ಅದರ ಟೈರು ಟ್ಯೂಬುಗಳು ಸಣ್ಣ ಊರುಗಳಲ್ಲಿ ದೊರೆಯುವುದು ಕಷ್ಟ. ಅಂತಹುದನ್ನು ಒಯ್ಯುವವನು ಎರಡು ಟ್ಯೂಬು, ಒಂದು ಟೈರನ್ನು ಜೊತೆಗಿಟ್ಟುಕೊಳ್ಳಬೇಕು. ಪಂಪು, ಪಂಕ್ಚರ್ ಹಾಕುವ ಸಾಮಗ್ರಿ, ಸ್ಪ್ಯಾನರುಗಳು, ಬ್ರೇಕಿನ ರಬ್ಬರು, ನಾಲ್ಕಾರು ಚಕ್ರದ ಕಡ್ಡಿ, ಚೈನಿನ ಕೊಂಡಿ, ಎಣ್ಣೆ ಇಷ್ಟು ಸಾಕು. ಪಂಕ್ಚರ್ ಹಾಕುವುದು, ಬ್ರೇಕು ಬಿಗಿಯುವುದು, ಚೈನು ಕೂಡಿಸುವುದು ಈ ಮೂರು ವಿದ್ಯೆಗಳನ್ನು ಊರಿನ ಸೈಕಲ್ ಶಾಪಿನಲ್ಲಿ ಒಂದು ವಾರ ಕುಳಿತು ಕಲಿಯದೆ ಹೊರಡತಕ್ಕದ್ದಲ್ಲ.

ಹೊರೆಯನ್ನು ಬೆನ್ನಿಗೆ ಕಟ್ಟಬಾರದು. ಕ್ಯಾರಿಯರಿನ ಎರಡು ಪಕ್ಕಗಳಲ್ಲಿ ಸಮತೂಕವಾಗಿ ಇಳಿಬಿಡಬೇಕು. ಹೊರೆಯೆಲ್ಲ ಸೇರಿ 12 ಕಿಲೋ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಮಳೆಯಂಗಿ, ಔಷಧಿ, ಶಿರಸ್ತ್ರಾಣ, ಹಿಂದೆ ಮುಂದೆ ದೀಪ ಇವನ್ನು ಬಿಟ್ಟರೆ ಉಳಿದುದೆಲ್ಲ ಏರಿನಲ್ಲಿ ಪಶ್ಚಾತ್ತಾಪಕ್ಕೆ ಕಾರಣ.

ಅಭ್ಯಾಸ, ಆಹಾರ, ವಸತಿ

ಹೊರಡುವ ಮೊದಲು ಮೂರು ತಿಂಗಳ ಅಭ್ಯಾಸ ಬೇಕು. ಮೊದಲು ಬಿಳಿಗೆರೆಯಿಂದ ಮೈಸೂರಿಗೆ ಹೋಗಿ ಅದೇ ದಿನ ಮರಳುವುದು. ಅನಂತರ ಪೂರ್ಣ ಹೊರೆಯೊಡನೆ ನರಸೀಪುರ, ಕೊಳ್ಳೇಗಾಲ, ಹನೂರು ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹಗಲಿನಲ್ಲಿಯೇ ಸಾಗುವುದು. ಬಯಲು, ಬಿಸಿಲು, ಏರು ಈ ಮೂರೂ ಅಲ್ಲಿ ದೊರೆಯುತ್ತವೆ. ಹನೂರಿನಾಚೆ ಕಾಡು ಬಂದಲ್ಲಿ ಮೇಲೆ ಹೇಳಿದಂತೆ ಬಸ್ಸೇ ಸರಿ. ಮೂರು ದಿನ ಎಡೆಬಿಡದೆ ತುಳಿದವನ ನಾಲ್ಕನೆಯ ಬೆಳಗು ಹೇಗಿದೆ ಎಂಬುದೇ ನಿಜವಾದ ಪರೀಕ್ಷೆ.

ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಬಾಳೆಹಣ್ಣು, ಬೆಲ್ಲ, ಕಡಲೆಕಾಯಿಗಳು ದೇಶದ ಬಹುಭಾಗದಲ್ಲಿ ದೊರೆಯುವ ದಾರಿಬುತ್ತಿ. ಮೂರು ಲೀಟರ್ ನೀರು ಸದಾ ಜೊತೆಯಲ್ಲಿರಬೇಕು. ಭೇದಿಯಾದರೆ ಒಂದು ಲೀಟರ್ ಶುದ್ಧವಾದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಕುಡಿಯುತ್ತ, ವೈದ್ಯರನ್ನು ಕಾಣಬೇಕು; ಅಂದು ಸವಾರಿ ಸಲ್ಲದು.

ಉಷಃಕಾಲದಲ್ಲಿ ಹೊರಟು ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ತಂಗುದಾಣವನ್ನು ಸೇರುವುದು ತಪ್ಪಬಾರದ ನಿಯಮ. ಇಲ್ಲಿನ ಮಠಗಳಲ್ಲಿ ದಾಸೋಹವಿದ್ದಂತೆ ಪಂಜಾಬಿನ ಗುರುದ್ವಾರಗಳಲ್ಲಿ ಲಂಗರವಿದೆ; ಧರ್ಮಶಾಲೆಗಳು, ಯೂತ್ ಹಾಸ್ಟೆಲ್ಲುಗಳು, ಪೆಟ್ರೋಲ್ ಬಂಕುಗಳು, ಢಾಬಾಗಳು ಸಹ ಪ್ರಯಾಣಿಕನಿಗೆ ಆಸರೆ. ಶಾಲೆಯ ಮುಖ್ಯೋಪಾಧ್ಯಾಯರು ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಬರೆದುಕೊಟ್ಟ ಪರಿಚಯಪತ್ರವು ಇಂತಹ ಕಡೆಗಳಲ್ಲಿ ಬಹಳ ಉಪಕಾರಿ. ಹೆಸರು, ವಿಳಾಸ, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿ ಜೇಬಿನಲ್ಲಿರಬೇಕು. ಕೈಯಲ್ಲಿ ಮೊಬೈಲು ಇದ್ದರೂ ಅದರ ಬ್ಯಾಟರಿಯನ್ನು ನಂಬಿ ಕಾಗದವನ್ನು ಬಿಡಬಾರದು. ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033 ಎಂಬ ಸಂಖ್ಯೆಗಳು ಕಂಠಸ್ಥವಾಗಿರಲಿ.

ಧನ, ಮತ್ತು ದಾನಿಗಳ ಹೊಣೆ

ದಿನಕ್ಕೆ 500 ರೂಪಾಯಿ ವೆಚ್ಚವೆಂದು ಇಟ್ಟುಕೊಂಡರೆ 65 ದಿನಗಳಿಗೆ 32,500 ರೂಪಾಯಿ ಆಗುತ್ತದೆ. ಇದಲ್ಲದೆ, ಯಾವ ಊರಿನಿಂದಲಾದರೂ ರೈಲು ಹತ್ತಿ ಮನೆಗೆ ಮರಳುವಷ್ಟು ಹಣವು ಪ್ರತ್ಯೇಕವಾಗಿ, ಮುಟ್ಟದ ಗಂಟಾಗಿ ಇರಬೇಕು. ಯಾತ್ರಿಕನ ಧೈರ್ಯಕ್ಕೆ ಆಧಾರ ಆ ಗಂಟೇ.

ಇಲ್ಲಿ ದಾನಿಗಳೂ ಉಪಾಧ್ಯಾಯರೂ ಯೋಚಿಸಬೇಕಾದ ವಿಷಯವೊಂದಿದೆ. ಯಾತ್ರೆ ಹೊರಡುವಾಗ ಹಾರತುರಾಯಿಗಳೊಡನೆ ಬೀಳ್ಕೊಡುವುದು, ಮರಳುವ ದಿನಾಂಕವನ್ನು ಆಹ್ವಾನಪತ್ರಿಕೆಯಲ್ಲಿ ಅಚ್ಚುಹಾಕಿಸಿ ಸನ್ಮಾನಸಭೆಯನ್ನು ಗೊತ್ತುಪಡಿಸುವುದು ಪ್ರೀತಿಯ ಲಕ್ಷಣವೇ ಸರಿ. ಆದರೆ ಆ ದಿನಾಂಕವು ಸವಾರನ ಬೆನ್ನಿಗೆ ಕಟ್ಟಿದ ಹೊರೆಯಾಗುತ್ತದೆ. ಜ್ವರವಿದ್ದರೂ ಅವನು ತುಳಿಯುತ್ತಾನೆ. ಗಣ್ಯರು ಕಾದಿರುವರೆಂದು ಇರುಳಿನಲ್ಲಿಯೂ ಸಾಗುತ್ತಾನೆ. ಹೆಸರಿಗಾಗಿ ಕೊಟ್ಟ ಧ್ವಜಕ್ಕಿಂತ, ಒಳ್ಳೆಯ ಬ್ರೇಕು, ಹಿಂಬದಿಯ ಕೆಂಪು ದೀಪ, ಅಪಘಾತ ವಿಮೆ, ಮರಳುವ ರೈಲಿನ ಹಣ ಇವನ್ನು ಕೊಟ್ಟ ದಾನವು ಪಾತ್ರವನ್ನು ಅರಿತ ದಾನ. ಸನ್ಮಾನದ ದಿನವನ್ನು ಯಾತ್ರಿಕನು ಮನೆ ಸೇರಿದ ಮೇಲೆಯೇ ಗೊತ್ತುಪಡಿಸುವುದು ವಿವೇಕ. ಅರ್ಧದಾರಿಯಿಂದ ಮರಳಿದವನನ್ನೂ ಅದೇ ಆದರದಿಂದ ಬರಮಾಡಿಕೊಳ್ಳುವ ಭರವಸೆಯನ್ನು ಹೊರಡುವ ಮುನ್ನವೇ ಹಿರಿಯರು ಬಾಯಿಬಿಟ್ಟು ಹೇಳಬೇಕು. ಆ ಮಾತು ನಾಗಪುರದಾಚೆಯ ಬಿಸಿಲಿನಲ್ಲಿ ಒಬ್ಬ ತರುಣನ ಜೀವವನ್ನು ಉಳಿಸಬಹುದು.

ಹೀಗೆ ಕಾಲ, ಮಾರ್ಗ, ವಾಹನ, ದೇಹ, ಧನಗಳೆಂಬ ಐದನ್ನೂ ತೂಗಿನೋಡಿ, ನಿಲ್ಲುವುದಕ್ಕೂ ಮರಳುವುದಕ್ಕೂ ಎಡೆಯಿಟ್ಟು ಹೊರಟವನ ಪಾಲಿಗೆ ದೇಶವು ತೆರೆದ ಗ್ರಂಥ. ಅದನ್ನು ಅವಸರವಿಲ್ಲದೆ, ಪುಟದಿಂದ ಪುಟಕ್ಕೆ ಓದುವ ಭಾಗ್ಯ ನಮ್ಮ ತರುಣರಿಗೆ ಒದಗಲಿ; ಅವರ ಮಾರ್ಗವು ನಿರ್ವಿಘ್ನವಾಗಲಿ.