ಕನ್ಹೇರಿಯ ಕಲ್ಲಿನಲ್ಲಿ ನೃಪತುಂಗನ ಹೆಸರು: ದಹಿಸರ್‌ನಿಂದ ಒಂದು ದಿನದ ಪ್ರವಾಸ

ಈಜಿಪ್ಟ್ ಪ್ರವಾಸ ಮುಗಿಸಿ ಬಂದವರ ಅನುಭವಗಳನ್ನು ಇತ್ತೀಚೆಗೆ ನಮ್ಮ ದಹಿಸರ್ ಪರಿಸರದ ಮನೆಗಳಲ್ಲೂ ಕೇಳುವಂತಾಗಿದೆ. ಬೆಳಿಗ್ಗೆ ಗೀಝಾದ ಪಿರಮಿಡ್‌ಗಳು, ಮಧ್ಯಾಹ್ನ ವಸ್ತುಸಂಗ್ರಹಾಲಯದಲ್ಲಿ ಟುಟಾಂಖಾಮನ್ ದೊರೆಯ ಚಿನ್ನದ ಮುಖವಾಡ, ಜೊತೆಯಲ್ಲಿ ಎಲ್ಲವನ್ನೂ ವಿವರಿಸುವ ಮಾರ್ಗದರ್ಶಕ. 2025ರ ನವೆಂಬರಿನಲ್ಲಿ ಪಿರಮಿಡ್‌ಗಳ ಸಮೀಪದಲ್ಲೇ ಬೃಹತ್ ವಸ್ತುಸಂಗ್ರಹಾಲಯ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಮೇಲಂತೂ ಇವೆರಡನ್ನೂ ಒಂದೇ ದಿನದಲ್ಲಿ ನೋಡುವುದು ಇನ್ನಷ್ಟು ಸುಲಭವಾಗಿದೆ. ಇಂತಹುದೇ ಒಂದು ದಿನವನ್ನು ಲೋಕಲ್ ರೈಲಿನ ಖರ್ಚಿನಲ್ಲಿ ನಮ್ಮೂರಿನಲ್ಲೇ ಕಳೆಯಬಹುದಲ್ಲವೇ ಎಂಬ ಆಲೋಚನೆ ನಮ್ಮಲ್ಲಿ ಕೆಲವರಿಗೆ ಬಂತು. ಕಳೆದ ಚಳಿಗಾಲದ ಒಂದು ಭಾನುವಾರ ಮಕ್ಕಳು ಮರಿಗಳೊಡನೆ ಹನ್ನೊಂದು ಕುಟುಂಬಗಳು ಹೊರಟೆವು. ಬೆಳಿಗ್ಗೆ ಕನ್ಹೇರಿ ಗುಹೆಗಳು, ಮಧ್ಯಾಹ್ನ ದಕ್ಷಿಣ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಎಂಬುದು ಅಂದಿನ ಕಾರ್ಯಕ್ರಮ. ಕನ್ನಡ ರಾತ್ರಿ ಶಾಲೆಯಲ್ಲಿ ಬಹುಕಾಲ ಇತಿಹಾಸ ಕಲಿಸಿದ ಹಿರಿಯ ಮಾಸ್ತರರೊಬ್ಬರು ಮಾರ್ಗದರ್ಶನಕ್ಕೆ ಒಪ್ಪಿದ್ದರು.

ದಹಿಸರ್‌ನಿಂದ ಬೊರಿವಲಿ ಒಂದೇ ನಿಲ್ದಾಣ. ಅಲ್ಲಿಂದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿಗೆ ಹತ್ತು ನಿಮಿಷ. ಬಾಗಿಲಿನಿಂದ ಒಳಗೆ ಸುಮಾರು ಆರು ಕಿಲೋಮೀಟರ್ ಕಾಡಿನ ದಾರಿ. ಸೋಮವಾರ ಉದ್ಯಾನಕ್ಕೆ ರಜೆ ಎಂಬುದನ್ನು ಹೋಗಬಯಸುವವರು ನೆನಪಿಡಬೇಕು. ನಮ್ಮ ದಹಿಸರ್ ನದಿ ಹುಟ್ಟುವುದೂ ಈ ಕಾಡಿನಲ್ಲೇ. ಮಳೆಗಾಲದಲ್ಲಿ ಉಕ್ಕಿ ಗಾಬರಿಪಡಿಸುವ ನದಿಯಾಗಿ ಮಾತ್ರ ಅದನ್ನು ಬಲ್ಲ ಮಕ್ಕಳಿಗೆ ಈ ಮಾತೇ ಹೊಸತಾಗಿತ್ತು.

ಕನ್ಹೇರಿ ಎಂಬ ಹೆಸರು ಕೃಷ್ಣಗಿರಿ, ಅಂದರೆ ಕಪ್ಪು ಬೆಟ್ಟ, ಎಂಬುದರಿಂದ ಬಂದುದು. ಇಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ನೆಲೆಸಿದ್ದರು. ಈಜಿಪ್ಟಿನವರು ಸುಮಾರು 4,500 ವರ್ಷಗಳ ಹಿಂದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ 146 ಮೀಟರ್ ಎತ್ತರದ ಗೋರಿ ಕಟ್ಟಿದರು. ಇಲ್ಲಿಯವರು ಕಲ್ಲನ್ನು ಕಡಿದು ತೆಗೆದು, ಬದುಕಿರುವವರಿಗಾಗಿ ಮನೆ ಮಾಡಿದರು ಎಂದು ಮಾಸ್ತರರು ಆರಂಭಿಸಿದರು. ಬಹುತೇಕ ಗುಹೆಗಳ ಮಗ್ಗುಲಲ್ಲಿ ಬಂಡೆಯಲ್ಲೇ ತೋಡಿದ ನೀರಿನ ತೊಟ್ಟಿ ಇದೆ. ಮಳೆನೀರನ್ನು ತೊಟ್ಟಿಗೆ ಇಳಿಸುವ ಸಣ್ಣ ಕಾಲುವೆಗಳಿವೆ. ಟ್ಯಾಂಕರ್ ನೀರಿಗಾಗಿ ಕಾದು ಬಲ್ಲ ನಮ್ಮ ಹೆಂಗಸರು ಈ ತೊಟ್ಟಿಗಳ ಮುಂದೆ ನಿಂತಷ್ಟು ಹೊತ್ತು ಮೂರ್ತಿಗಳ ಮುಂದೆಯೂ ನಿಲ್ಲಲಿಲ್ಲ.

ಮೂರನೆಯ ಗುಹೆಯು ದೊಡ್ಡ ಚೈತ್ಯ. ಇಲ್ಲಿ ಶಾತವಾಹನ ದೊರೆ ಯಜ್ಞಶ್ರೀ ಶಾತಕರ್ಣಿಯ ಹೆಸರಿನ ಶಾಸನವಿದೆ. ಮೊಗಸಾಲೆಯ ಎರಡು ತುದಿಗಳಲ್ಲಿ, ಅನಂತರದ ಕಾಲದಲ್ಲಿ ಕೆತ್ತಿದ, ಸುಮಾರು ಏಳು ಮೀಟರ್ ಎತ್ತರದ ಬುದ್ಧರು ನಿಂತಿದ್ದಾರೆ. ಆದರೆ ನಾವು ನೋಡಬೇಕೆಂದು ಬಂದದ್ದು ಹನ್ನೊಂದನೆಯ ಗುಹೆಯನ್ನು. ದರ್ಬಾರ್ ಗುಹೆ ಎಂದು ಕರೆಯುವ ಈ ಸಭಾಂಗಣದ ನಡುವೆ ಎರಡು ಉದ್ದನೆಯ ಕಲ್ಲಿನ ಜಗಲಿಗಳು ಸಾಲಾಗಿ ಚಾಚಿಕೊಂಡಿವೆ. ಮಕ್ಕಳಿಗೆ ಅದು ಮದುವೆಯ ಊಟದ ಪಂಕ್ತಿಯಂತೆ ಕಂಡಿತು.

ಮಾಸ್ತರರು ಮೊಗಸಾಲೆಯ ಕಂಬಗಳ ಮೇಲಿನ ತೊಲೆಯತ್ತ ಬೆರಳು ತೋರಿಸಿದರು. ಸವೆದ ಅಕ್ಷರಗಳು. ಭಾಷೆ ಸಂಸ್ಕೃತ. ಶಕ 775 ಎಂದು ಕಾಲ ಹೇಳಿ, ಆಗ ಆಳುತ್ತಿದ್ದ ಚಕ್ರವರ್ತಿಯ ಹೆಸರನ್ನು ಅಮೋಘವರ್ಷ ಎಂದು ಕೊಟ್ಟಿದೆ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ. ನಮಗೆಲ್ಲ ಪರಿಚಿತನಾದ ನೃಪತುಂಗ. ಯಾರ ಆಸ್ಥಾನದಲ್ಲಿ ಶ್ರೀವಿಜಯನು ಕವಿರಾಜಮಾರ್ಗವನ್ನು ರಚಿಸಿದನೋ, ಅವನೇ. ಕನ್ನಡದಲ್ಲಿ ನಮಗೆ ದೊರೆತಿರುವ ಆ ಮೊದಲ ಗ್ರಂಥವೂ ಈ ಶಾಸನವೂ ಹೆಚ್ಚುಕಡಿಮೆ ಒಂದೇ ಕಾಲದವು. ಶಕ 765 ಮತ್ತು 799ರ ಇನ್ನೆರಡು ಶಾಸನಗಳು ಎದುರಿನ ಗುಹೆಯಲ್ಲಿವೆ. ಮೂರರಲ್ಲೂ ಅವನದೇ ಹೆಸರು. ಅವನ ಅಧೀನರಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಯರ ಉಲ್ಲೇಖವೂ ಇದೆ.

ಮುಂಬಯಿಗೆ ನಮ್ಮ ತಂದೆಯವರು ಹೋಟೆಲು, ಗಿರಣಿ, ಬ್ಯಾಂಕುಗಳ ನೌಕರಿಗಾಗಿ ಬಂದವರು. ನಾವು ಇಲ್ಲಿ ನಿನ್ನೆ ಮೊನ್ನೆಯವರು ಎಂಬ ಭಾವನೆ ಎಲ್ಲೋ ಒಳಗೆ ಇದ್ದೇ ಇರುತ್ತದೆ. ಆದ್ದರಿಂದ ಆ ಹೆಸರು ಕಿವಿಗೆ ಬಿದ್ದೊಡನೆ ಗುಂಪಿನಲ್ಲೊಂದು ಸಂತಸದ ಕಲರವ ಎದ್ದಿತು. "ಹಾಗಾದರೆ ಇದು ನಮ್ಮದೇ ನಾಡಾಗಿತ್ತು" ಎಂದರು ಒಬ್ಬ ಗೆಳೆಯರು. ಮಾಸ್ತರರು ಮುಗುಳ್ನಕ್ಕು, "ಶಾಸನ ಏನು ಹೇಳುತ್ತದೆ ಎಂಬುದನ್ನು ಪೂರ್ತಿ ಕೇಳಿ" ಎಂದರು.

ಶಾಸನ ರಾಜನನ್ನು ಹೊಗಳಲು ಬರೆದುದಲ್ಲ. ಅದೊಂದು ದತ್ತಿಪತ್ರ. ದೂರದ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಬೌದ್ಧ ಉಪಾಸಕನೊಬ್ಬ ಇಲ್ಲಿನ ಭಿಕ್ಷುಗಳಿಗೆ ವಾಸದ ಕೋಣೆಗಳನ್ನು ಮಾಡಿಸಿ ನೂರು ದ್ರಮ್ಮಗಳನ್ನು ಶಾಶ್ವತ ದತ್ತಿಯಾಗಿ ಇಟ್ಟನು. ದ್ರಮ್ಮ ಎಂಬುದು ಆ ಕಾಲದ ನಾಣ್ಯ. ಎದುರು ಗುಹೆಯ ಶಕ 765ರ ಶಾಸನದಲ್ಲಿ ವೆಚ್ಚದ ಪಟ್ಟಿಯೇ ಇದೆ. ಬುದ್ಧನ ಪೂಜೆಗೆ ಇಪ್ಪತ್ತು ದ್ರಮ್ಮ, ದುರಸ್ತಿಗೆ ಮೂರು, ಭಿಕ್ಷುಗಳ ಬಟ್ಟೆಗೆ ಐದು, ಪುಸ್ತಕಕ್ಕೆ ಒಂದು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಮನಸ್ಸಿಗೆ ಹತ್ತಿರವಾದ ವಿಷಯ. ಇಂತಹ ಶಾಶ್ವತ ದತ್ತಿಗೆ ಕನ್ಹೇರಿಯ ಇನ್ನೂ ಹಳೆಯ ಶಾಸನಗಳಲ್ಲಿ ಅಕ್ಷಯನೀವಿ ಎಂಬ ಹೆಸರಿದೆ. ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಖರ್ಚು ಮಾಡುವ ವ್ಯವಸ್ಥೆ. ಎರಡನೆಯ ಶತಮಾನದ ನಾಸಿಕದ ಗುಹಾಶಾಸನವೊಂದರಲ್ಲಿ ನೇಕಾರರ ಶ್ರೇಣಿಗಳಲ್ಲಿ ಎರಡು ಸಾವಿರ ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರಂತೆ, ಒಂದು ಸಾವಿರವನ್ನು ಮುಕ್ಕಾಲರಂತೆ ಠೇವಣಿ ಇಟ್ಟ ಲೆಕ್ಕವೂ ಸಿಗುತ್ತದೆ.

ಹೀಗೆ ಕನ್ನಡ ದೊರೆಯ ಆಳ್ವಿಕೆ, ಕೊಂಕಣದ ಸಾಮಂತ, ಬಂಗಾಳದ ದಾನಿ, ಸಂಸ್ಕೃತ ಭಾಷೆ, ಬೌದ್ಧ ವಿಹಾರ ಎಲ್ಲವೂ ಒಂದು ತೊಲೆಯ ಮೇಲೆ ಸೇರಿವೆ. ಇದರಿಂದ ಯಾರಿಗೂ ಹಕ್ಕುಪತ್ರ ಹುಟ್ಟುವುದಿಲ್ಲ. ಆದರೆ ಹೊರಗಿನಿಂದ ಬಂದವನು ಇಲ್ಲಿಗೆ ಏನನ್ನು ಕೊಟ್ಟನೆಂಬುದು ಮಾತ್ರ ಉಳಿದಿದೆ.

ಅಷ್ಟರಲ್ಲಿ ಕಾವಲುಗಾರನ ಸೀಟಿ ಕೇಳಿಸಿತು. ನಮ್ಮ ಗುಂಪಿನ ಬಾಲಕನೊಬ್ಬ ಚೂಪುಗಲ್ಲಿನಿಂದ ಗೋಡೆಯ ಮೇಲೆ ತನ್ನ ಹೆಸರಿನ ಮೊದಲಕ್ಷರ ಗೀಚಲು ತೊಡಗಿದ್ದ. ಎಲ್ಲರಿಗೂ ನಾಚಿಕೆಯಾಯಿತು. ಆತ ಅಳುತ್ತಲೇ, "ಮಾಸ್ತರೇ, ಪಾರ್ಸಿಯವರು ಬಂದು ಹೆಸರು ಬರೆದರು ಎಂದು ನೀವೇ ಹೇಳಿದಿರಲ್ಲ?" ಎಂದ. ಮಾತು ನಿಜವೇ. ಇಲ್ಲಿನ ಗುಹೆಯೊಂದರಲ್ಲಿ 1009 ಮತ್ತು 1021ರಲ್ಲಿ ಬಂದ ಪಾರ್ಸಿ ಯಾತ್ರಿಕರು ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಕೆತ್ತಿಸಿದ್ದಾರೆ. ಮಾಸ್ತರರು ಅವನನ್ನು ಗದರಲಿಲ್ಲ. "ಅವರು ಬಂದಾಗ ಗೋಡೆ ಖಾಲಿ ಇತ್ತು ಮಗೂ. ಈಗ ಪ್ರತಿ ಭಾನುವಾರ ಸಾವಿರಾರು ಜನ ಬರುತ್ತಾರೆ. ಎಲ್ಲರೂ ಬರೆದರೆ ನೃಪತುಂಗನ ಹೆಸರು ಎಲ್ಲಿ ಉಳಿಯುತ್ತದೆ?" ಎಂದರು. ಬಾಲಕ ತಾನು ಗೀಚಿದ ಜಾಗವನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದ. ಗೀಟು ಹೋಗಲಿಲ್ಲ.

ಮಂಗಗಳಿಂದ ಬುತ್ತಿ ಕಾಪಾಡಿಕೊಂಡು ಬೊರಿವಲಿಗೆ ಮರಳಿ, ಊಟ ಮುಗಿಸಿ ಚರ್ಚ್‌ಗೇಟ್ ಲೋಕಲ್ ಹಿಡಿದೆವು. ವಸ್ತು ಸಂಗ್ರಹಾಲಯ 1922ರ ಜನವರಿಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಜಿಪ್ಟ್ ಇಲ್ಲಿಗೂ ಬಂದು ಹೋಗಿದೆ. 2012ರ ಕೊನೆಯಿಂದ 2013ರ ಆರಂಭದವರೆಗೆ ಬ್ರಿಟಿಷ್ ಮ್ಯೂಸಿಯಂ ಕಳುಹಿಸಿದ ಮಮ್ಮಿಯ ಪ್ರದರ್ಶನ ಇಲ್ಲಿ ನಡೆದಿತ್ತು. ನಮ್ಮಲ್ಲಿ ಹಲವರು ಅಂದು ಮಕ್ಕಳನ್ನು ಕರೆತಂದು ಸಾಲಿನಲ್ಲಿ ನಿಂತವರು. ಆದರೆ ಇಲ್ಲೇ ಶಾಶ್ವತವಾಗಿ ಇರುವ ಐಹೊಳೆಯ ಶಿಲ್ಪಗಳನ್ನು ಅಂದು ನಾವು ಗಮನಿಸಿರಲೇ ಇಲ್ಲ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಇವು. ಬಾದಾಮಿ ಚಾಲುಕ್ಯರ ಕಾಲದವು. ತಲೆಯೆತ್ತಿ ನೋಡಬೇಕಾಗಿದ್ದ ಶಿಲ್ಪಗಳನ್ನು ಇಲ್ಲಿ ಕಣ್ಣಿನ ಮಟ್ಟದಲ್ಲಿ ನೋಡಬಹುದು. ಊರು ಬಿಟ್ಟು ಬಂದ ಕಲ್ಲುಗಳು ಎಂದು ವೃದ್ಧೆಯೊಬ್ಬರು ಮೆಲ್ಲಗೆ ಹೇಳಿದರು. ಅವರು ಸ್ವತಃ ಬಾಗಲಕೋಟೆಯ ಕಡೆಯವರು.

ಸಂಜೆ ದಹಿಸರ್‌ಗೆ ಮರಳುವ ರೈಲಿನಲ್ಲಿ ಮಕ್ಕಳು ಶಾಸನದ ಪಟ್ಟಿಯನ್ನು ಬಾಯಿಪಾಠ ಹೇಳುತ್ತಿದ್ದರು: ಪೂಜೆಗೆ ಇಪ್ಪತ್ತು, ದುರಸ್ತಿಗೆ ಮೂರು, ಬಟ್ಟೆಗೆ ಐದು, ಪುಸ್ತಕಕ್ಕೆ ಒಂದು. ನಮ್ಮ ವಾರ್ಷಿಕೋತ್ಸವಗಳ ಜಮಾಖರ್ಚು ನೆನಪಾಗಿ ನಮಗೆ ತುಸು ಕಸಿವಿಸಿಯಾಯಿತು. ಪೂಜೆಗೆ, ಊಟಕ್ಕೆ, ಶಾಲುಗಳಿಗೆ ಹಣ ತೆಗೆದಿಡುತ್ತೇವೆ. ಪುಸ್ತಕದ ಸಾಲು ಅಲ್ಲಿ ಇರುವುದಿಲ್ಲ. ನಮ್ಮ ಮೂರನೆಯ ತಲೆಮಾರು ಮನೆಯಲ್ಲಿ ಕನ್ನಡ ಮಾತನಾಡುತ್ತದೆ, ಆದರೆ ಓದಲು ಬರುವುದಿಲ್ಲ. ಹನ್ನೊಂದು ಕುಟುಂಬಗಳೂ ರೈಲಿನಲ್ಲೇ ಒಂದು ನಿರ್ಧಾರಕ್ಕೆ ಬಂದೆವು. ಭಾನುವಾರದ ಕನ್ನಡ ಕಲಿಕೆಗೆ ಒಂದು ಸಣ್ಣ ಠೇವಣಿ ಇಡುವುದು, ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಪ್ರತಿವರ್ಷ ಮಕ್ಕಳಿಗೆ ಪುಸ್ತಕ ಕೊಳ್ಳುವುದು. ಮೊದಲ ಐವತ್ತು ರೂಪಾಯಿ ಗೋಡೆ ಗೀಚಿದ ಬಾಲಕನ ಜೇಬಿನಿಂದ ಬಂತು.